ಟೈಲುಗಳ ನಡುವಣ ಸಂದು

ಹೊಸ ಮನೆಗೆ ಟೈಲು ಆರಿಸುವಾಗ ಬಣ್ಣ, ಹೊಳಪು, ಬೆಲೆ ಇವುಗಳನ್ನು ಎಲ್ಲರೂ ವಿಚಾರಿಸುತ್ತಾರೆ. ಎರಡು ಟೈಲುಗಳ ನಡುವೆ ಎಷ್ಟು ಸಂದು ಬಿಡಬೇಕು, ಅದನ್ನು ಯಾವುದರಿಂದ ತುಂಬಬೇಕು ಎಂದು ಕೇಳುವವರು ವಿರಳ. ಆದರೆ ನೆಲದ ಬಾಳಿಕೆಯು ಬಹುಮಟ್ಟಿಗೆ ಈ ಸಂದನ್ನೇ ಅವಲಂಬಿಸಿದೆ. ಬಚ್ಚಲಿನ ಸಂದುಗಳಲ್ಲಿ ಇಳಿದ ನೀರು ಗೋಡೆಗಳನ್ನು ನೆನೆಸಿ ಗಾರೆಯನ್ನು ಸಡಿಲಿಸುತ್ತದೆ. ಸಾಲ ಮಾಡಿ ಕಟ್ಟಿದ ಮನೆಯ ನೆಲವನ್ನು ಮತ್ತೆ ಅಗೆಸುವುದು ಸಂಸಾರಸ್ಥರಿಗೆ ಸಣ್ಣ ನಷ್ಟವಲ್ಲ.

ಸಂದನ್ನು ಬಿಡುವುದೇಕೆ? ಮೊದಲನೆಯದಾಗಿ, ಒಲೆಯಲ್ಲಿ ಸುಟ್ಟ ಟೈಲುಗಳೆಲ್ಲವೂ ಒಂದೇ ಅಳತೆಯಲ್ಲಿರುವುದಿಲ್ಲ. ಕೆಲವನ್ನು ಅಳೆದು, ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ಇರುವ ವ್ಯತ್ಯಾಸವನ್ನು ಕಂಡುಕೊಳ್ಳಬೇಕು. ಆ ವ್ಯತ್ಯಾಸದ ಮೂರರಷ್ಟಾದರೂ ಸಂದು ಇರಬೇಕೆಂಬುದು ನಿಯಮ. ವ್ಯತ್ಯಾಸವು 1 ಮಿ.ಮೀ. ಇದ್ದರೆ ಸಂದು 3 ಮಿ.ಮೀ. ಅಂಚನ್ನು ಯಂತ್ರದಿಂದ ಸಮನಾಗಿ ಕೊಯ್ದ ಟೈಲುಗಳಿಗೆ 2 ಮಿ.ಮೀ. ಸಾಕಾಗಬಹುದು. ಸಂದೇ ಇಲ್ಲದೆ ಒತ್ತಿ ಜೋಡಿಸುವುದು ಮಾತ್ರ ಸಲ್ಲದು.

ಎರಡನೆಯದಾಗಿ, ಬಿಸಿಯಾದ ವಸ್ತು ಹಿಗ್ಗುತ್ತದೆ. ಟೈಲು ಒಂದು ಡಿಗ್ರಿ ಸೆಲ್ಸಿಯಸ್ ಉಷ್ಣತೆ ಏರಿದರೆ ಮೀಟರಿಗೆ ಸುಮಾರು 0.007 ಮಿ.ಮೀ. ಹಿಗ್ಗುತ್ತದೆಂದು ಇಟ್ಟುಕೊಳ್ಳೋಣ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ: 6 ಮೀಟರ್ ಉದ್ದದ ನೆಲ 30 ಡಿಗ್ರಿ ಬಿಸಿಯೇರಿದರೆ 6 × 30 × 0.007, ಅಂದರೆ 1.26 ಮಿ.ಮೀ. ಸೇಲಂ, ಧರ್ಮಪುರಿಗಳ ಬೇಸಗೆಯಲ್ಲಿ ತೆರೆದ ತಾರಸಿಗೆ ಇಷ್ಟು ಬಿಸಿ ಏರುವುದು ವಿಶೇಷವಲ್ಲ. ಹಿಗ್ಗಿದ ನೆಲಕ್ಕೆ ಎಡೆ ದೊರೆಯದಿದ್ದರೆ ಟೈಲುಗಳು ನಡುವೆ ಉಬ್ಬಿ ಏಳುತ್ತವೆ. ಆದಕಾರಣ ಗೋಡೆಯ ಬುಡದಲ್ಲಿ ಸುಮಾರು 6 ಮಿ.ಮೀ. ಎಡೆ ಬಿಟ್ಟು, ಅದನ್ನು ಗಟ್ಟಿ ಗಾರೆಯಿಂದಲ್ಲದೆ ಸಿಲಿಕೋನಿನಂತಹ ಮೆತ್ತನೆಯ ವಸ್ತುವಿನಿಂದ ತುಂಬಬೇಕು.

ಇನ್ನು ಸಂದು ತುಂಬುವ ಗ್ರೌಟು. 3 ಮಿ.ಮೀ.ಗಿಂತ ಕಿರಿದಾದ ಸಂದಿಗೆ ಮರಳಿಲ್ಲದ ನಯವಾದ ಗ್ರೌಟು ಬೇಕು. ಅಗಲವಾದ ಸಂದಿಗೆ ನುಣ್ಣನೆಯ ಮರಳು ಬೆರೆತದ್ದು ತಕ್ಕುದು. ಸಿಮೆಂಟು ಒಣಗುವಾಗ ಕುಗ್ಗುತ್ತದೆ. ಮರಳಿನ ಕಣಗಳು ಆ ಕುಗ್ಗುವಿಕೆಯನ್ನು ತಡೆದು ಬಿರುಕನ್ನು ಕಡಿಮೆ ಮಾಡುತ್ತವೆ. ಬರಿಯ ಬಿಳಿ ಸಿಮೆಂಟನ್ನು ನೀರಿನಲ್ಲಿ ಕಲಸಿ ತುಂಬಿದರೆ ಈ ಸಹಾಯವಿಲ್ಲ. ಕೊಳೆ, ಎಣ್ಣೆ, ರಸಾಯನ ಬೀಳುವ ಅಡಿಗೆಮನೆ, ಪ್ರಯೋಗಶಾಲೆಗಳಿಗೆ ಎಪಾಕ್ಸಿ ಗ್ರೌಟು ಮೇಲು. ಅದರ ಬೆಲೆ ಹೆಚ್ಚು. ಗಟ್ಟಿಯಾಗುವ ಮುನ್ನವೇ ಟೈಲಿನ ಮೇಲಣ ಅಂಟನ್ನು ಒರೆಸಿಬಿಡಬೇಕು.

ನಮ್ಮ ನೆಲದಲ್ಲಿಯೇ ಇದಕ್ಕೊಂದು ಪಾಠವಿದೆ. ಸೇಲಂ ಪಟ್ಟಣದ ಬಳಿಯ ಬಿಳಿಯ ಗುಡ್ಡಗಳು, ಚಾಕ್ ಹಿಲ್ಸ್ ಎಂಬ ಹೆಸರಿದ್ದರೂ, ಸೀಮೆಸುಣ್ಣದವಲ್ಲ. ಅವು ಮ್ಯಾಗ್ನೆಸೈಟ್ ಖನಿಜದ ನೆಲೆ. ಅದನ್ನು ಹದವಾಗಿ ಸುಟ್ಟು ಮ್ಯಾಗ್ನೇಸಿಯಂ ಕ್ಲೋರೈಡಿನ ದ್ರಾವಣದೊಡನೆ ಕಲಸಿದರೆ ಬಹಳ ಗಟ್ಟಿಯಾದ ಸಿಮೆಂಟಾಗುತ್ತದೆ. 1867ರಲ್ಲಿ ಫ್ರಾನ್ಸಿನ ಸೊರೆಲ್ ಇದನ್ನು ಪ್ರಕಟಿಸಿದನು. ಆದರೂ ಸದಾ ನೆನೆಯುವ ನೆಲಕ್ಕೆ ಇದು ಒಗ್ಗದು. ನೀರಿನಲ್ಲಿ ಕ್ರಮೇಣ ಕೆಡುತ್ತದೆ. ಗಟ್ಟಿತನವೊಂದೇ ಗುಣವಲ್ಲ, ಸ್ಥಳಕ್ಕೆ ಒಪ್ಪುವುದೂ ಗುಣವೆಂದು ಇದರಿಂದ ತಿಳಿಯಬಹುದು.

ಟೈಲು ಹಾಸಿ ಒಂದು ದಿನವಾದರೂ ಕಳೆದ ಮೇಲೆ, ಸಂದಿನ ಧೂಳನ್ನು ತೆಗೆದು, ಗ್ರೌಟನ್ನು ರಬ್ಬರಿನ ಹಲಗೆಯಿಂದ ಓರೆಯಾಗಿ ಒತ್ತಿ ತುಂಬಬೇಕು. ನೀರು ಹೆಚ್ಚಾದರೆ ಗ್ರೌಟು ಸಚ್ಛಿದ್ರವಾಗಿ ಪುಡಿಯಾಗುತ್ತದೆ. ಸಿಮೆಂಟಿನ ಗ್ರೌಟನ್ನು ಕೆಲವು ದಿನ ತೇವವಾಗಿಟ್ಟರೆ ಅದು ಬಲಗೊಳ್ಳುತ್ತದೆ.

ಕೊಳವೆಬಾವಿಯ ಗಡಸು ನೀರು ಬಿಟ್ಟ ಬಿಳಿಯ ಕಲೆಯನ್ನು ತೆಗೆಯಲು ಹಲವರು ಆಸಿಡ್ ಸುರಿಯುತ್ತಾರೆ. ಕಲೆಯ ಸುಣ್ಣವನ್ನು ಕರಗಿಸುವ ಆಸಿಡ್, ಸಿಮೆಂಟಿನಲ್ಲಿರುವ ಸುಣ್ಣವನ್ನೂ ಕರಗಿಸುತ್ತದೆ. ಪ್ರತಿದಿನ ನೀರನ್ನು ಒರೆಸಿ ತೆಗೆಯುವುದೇ ಕಲೆಗೆ ಸುಲಭ ಪರಿಹಾರ.

ಆದುದರಿಂದ ತಂದೆತಾಯಿಗಳು ಮೇಸ್ತ್ರಿಯನ್ನು ಮೂರು ಮಾತು ಕೇಳಲಿ: ಸಂದು ಎಷ್ಟು? ಗ್ರೌಟು ಯಾವುದು? ಗೋಡೆಯ ಬಳಿ ಎಡೆ ಇದೆಯೇ? ಕೆಲಸ ಆರಂಭವಾಗುವ ಮೊದಲು ಕೇಳಿದ ಈ ಮಾತುಗಳಿಗೆ ಖರ್ಚಿಲ್ಲ. ಕೇಳದೆ ಹೋದರೆ ಆಗುವ ನಷ್ಟಕ್ಕೆ ಲೆಕ್ಕವಿಲ್ಲ.