ಹಳೆಯ ಕಣಜದಿಂದ ಹೊಸ ಕಣಜಕ್ಕೆ: ಲ್ಯಾಪ್‌ಟಾಪಿನ ಡಿಸ್ಕ್ ಬದಲಾಯಿಸುವ ಕ್ರಮ



ಕೆಂಗೇರಿ, ರಾಮೋಹಳ್ಳಿ, ತಾವರೆಕೆರೆ ಕಡೆಯ ನಮ್ಮ ಹಳ್ಳಿಗಳಲ್ಲಿ ಈಗ ಲ್ಯಾಪ್‌ಟಾಪ್ ಇಲ್ಲದ ಬೀದಿ ಅಪರೂಪ. ಮಕ್ಕಳ ಓದಿಗೆಂದು ಕೊಂಡ ಯಂತ್ರದಲ್ಲಿಯೇ ಹಾಲಿನ ಲೆಕ್ಕ, ರಾಮನಗರದಲ್ಲಿ ರೇಷ್ಮೆಗೂಡು ಮಾರಿದ ಚೀಟಿಗಳ ಚಿತ್ರ, ಕೊಳವೆಬಾವಿಯ ಖರ್ಚು, ಕೂಲಿಯ ಪಟ್ಟಿ, ಮನೆಯ ಮದುವೆಯ ಫೋಟೋ ಎಲ್ಲವೂ ಸೇರಿಕೊಂಡಿರುತ್ತವೆ. ಐದಾರು ವರ್ಷ ಕಳೆಯುವ ಹೊತ್ತಿಗೆ ಯಂತ್ರ ನಿಧಾನವಾಗುತ್ತದೆ. ಗುಂಡಿ ಒತ್ತಿ, ಹಸುವಿಗೆ ಹುಲ್ಲು ಹಾಕಿ ಬಂದರೂ ಪರದೆ ಸಿದ್ಧವಾಗಿರುವುದಿಲ್ಲ. ಜಾಗ ತುಂಬಿತೆಂಬ ಸೂಚನೆಯೂ ಬರತೊಡಗುತ್ತದೆ. ಆಗ ಬಹಳ ಮಂದಿ ಹೊಸ ಲ್ಯಾಪ್‌ಟಾಪಿಗೆ ಹಣ ಹೊಂದಿಸಲು ಹೊರಡುತ್ತಾರೆ. ಎಷ್ಟೋ ಸಲ ಅದರ ಅವಶ್ಯಕತೆ ಇರುವುದಿಲ್ಲ. ಒಳಗಿನ ಡಿಸ್ಕ್ ಒಂದನ್ನು ಬದಲಾಯಿಸಿದರೆ ಸಾಕು. ಅದರ ಕ್ರಮವನ್ನೂ, ಲೆಕ್ಕಪತ್ರ ಕಳೆದುಹೋಗದಂತೆ ವಹಿಸಬೇಕಾದ ಎಚ್ಚರಿಕೆಯನ್ನೂ ಈ ಪಾಠದಲ್ಲಿ ತಿಳಿಸಿದೆ.

ಡಿಸ್ಕ್ ಎಂದರೇನು?

ಲ್ಯಾಪ್‌ಟಾಪಿನಲ್ಲಿ ನಾವು ಉಳಿಸಿದ ಸಂಗತಿಯೆಲ್ಲ ಸೇರುವ ಕಣಜವೇ ಡಿಸ್ಕ್. ಇದರಲ್ಲಿ ಎರಡು ಬಗೆ. ಹಳೆಯ ಬಗೆಯದು ಹಾರ್ಡ್ ಡಿಸ್ಕ್. ಅದರೊಳಗೆ ತಟ್ಟೆ ತಿರುಗುತ್ತದೆ. ಒಂದು ಸಣ್ಣ ಕಡ್ಡಿ ಅದರ ಮೇಲೆ ಅತ್ತಿತ್ತ ಸರಿದು ಓದುತ್ತದೆ, ಬರೆಯುತ್ತದೆ. 1956ರಲ್ಲಿ ಅಮೆರಿಕದ ಐಬಿಎಂ ಕಂಪನಿ ಇಂಥ ಡಿಸ್ಕನ್ನು ಮೊದಲು ಮಾರುಕಟ್ಟೆಗೆ ತಂದಾಗ ಅದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ ಮಾತ್ರ. ಇಂದಿನ 500 ಜಿಬಿ ಡಿಸ್ಕ್ ಅದರ ಸುಮಾರು ಒಂದು ಲಕ್ಷ ಪಟ್ಟು ಹಿಡಿಯುತ್ತದೆ, ಅಂಗೈಯಲ್ಲಿ ಕುಳಿತುಕೊಳ್ಳುತ್ತದೆ.

ಹೊಸ ಬಗೆಯದು ಎಸ್‌ಎಸ್‌ಡಿ. ಇದರಲ್ಲಿ ತಿರುಗುವ ಭಾಗವೇ ಇಲ್ಲ. ಎಲ್ಲವೂ ಚಿಪ್‌ಗಳಲ್ಲಿ ಉಳಿಯುತ್ತದೆ. ಜಪಾನಿನ ತೋಶಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕ ಎಂಬ ಎಂಜಿನಿಯರ್ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿಯೇ ಇದಕ್ಕೆ ಆಧಾರ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಸಾಧಾರಣ ಎಸ್‌ಎಸ್‌ಡಿ ಸುಮಾರು 500 ಎಂಬಿ ಓದುತ್ತದೆ. ಕಡ್ಡಿ ಸರಿಯುವವರೆಗೆ ಕಾಯಬೇಕಾಗಿಲ್ಲವಾದ್ದರಿಂದ ಚೂರುಚೂರು ಕೆಲಸಗಳಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು.

ನಕಲು ಎಂದರೇನು?

ಫೋಟೋ, ಲೆಕ್ಕದ ಕಡತಗಳನ್ನು ಮಾತ್ರ ಹೊಸ ಡಿಸ್ಕಿಗೆ ಹಾಕಿದರೆ ಲ್ಯಾಪ್‌ಟಾಪ್ ಆರಂಭವಾಗುವುದಿಲ್ಲ. ಅದು ಕಣಜದ ರಾಗಿಯನ್ನಷ್ಟೇ ಸಾಗಿಸಿದಂತೆ. ಯಂತ್ರ ನಡೆಯಬೇಕಾದರೆ ವಿಂಡೋಸ್, ಅದನ್ನು ಎಬ್ಬಿಸುವ ಸಣ್ಣ ಭಾಗಗಳು, ತಂತ್ರಾಂಶಗಳು, ಪಾಸ್‌ವರ್ಡುಗಳು ಎಲ್ಲವೂ ಇದ್ದ ಜಾಗದಲ್ಲಿ ಇದ್ದ ಹಾಗೆಯೇ ಬರಬೇಕು. ಹೀಗೆ ಇಡೀ ಡಿಸ್ಕನ್ನು ಯಥಾವತ್ತಾಗಿ ಪಡಿಮೂಡಿಸುವುದಕ್ಕೆ ಕ್ಲೋನ್ ಎನ್ನುತ್ತಾರೆ. ಬಾಳೆಯ ಕಂದು ತಾಯಿಗಿಡದ ಗುಣವನ್ನೇ ಹೊತ್ತು ಬರುವುದಿಲ್ಲವೇ? ಇದೂ ಹಾಗೆಯೇ. ಆದರೆ ತಾಯಿಗಿಡದಲ್ಲಿ ರೋಗವಿದ್ದರೆ ಕಂದಿಗೂ ಬರುತ್ತದೆ. ಹಳೆಯ ಡಿಸ್ಕಿನಲ್ಲಿ ವೈರಸ್ ಇದ್ದರೆ ಹೊಸದರಲ್ಲಿಯೂ ಇರುತ್ತದೆ. ವಿಂಡೋಸ್ 10 ಇದ್ದರೆ ವಿಂಡೋಸ್ 10 ಆಗಿಯೇ ಬರುತ್ತದೆ. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದು ನೆನಪಿರಲಿ.

ಎಚ್ಚರಿಕೆ ಏಕೆ?

ನಿಮ್ಮ ಪಹಣಿ ಸರ್ಕಾರದ ಭೂಮಿ ಗಣಕದಲ್ಲಿದೆ. ಪ್ರತಿ ಹಾಳಾದರೆ ಮತ್ತೆ ಪಡೆಯಬಹುದು. ಆದರೆ ನೀವು ಬರೆದಿಟ್ಟ ಹಾಲಿನ ಲೆಕ್ಕ, ಯಾರಿಗೆ ಎಷ್ಟು ಕೊಟ್ಟಿರಿ, ಯಾರಿಂದ ಎಷ್ಟು ಬರಬೇಕು ಎಂಬುದು ಯಾವ ಕಚೇರಿಯಲ್ಲಿಯೂ ಇಲ್ಲ. ಹೋದರೆ ಹೋಯಿತು.

ನನ್ನದೇ ತಪ್ಪನ್ನು ಹೇಳುತ್ತೇನೆ. ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ ಹಳೆಯದು ಯಾವುದು, ಹೊಸದು ಯಾವುದು ಎಂದು ಸರಿಯಾಗಿ ನೋಡದೆ ಗುಂಡಿ ಒತ್ತಿದೆ. ಬರಿದಾದ ಹೊಸ ಡಿಸ್ಕಿನ ನಕಲು ತುಂಬಿದ ಹಳೆಯ ಡಿಸ್ಕಿನ ಮೇಲೆ ಕುಳಿತಿತು. ನಮ್ಮ ಅಕ್ಕನ ಮನೆಯ ಮೂರು ವರ್ಷದ ಗೂಡಿನ ಲೆಕ್ಕ ಅಲ್ಲಿಗೆ ಮುಗಿಯಿತು. ಬೇರೆ ಪ್ರತಿ ಇರಲಿಲ್ಲ. ಅಕ್ಕ ಒಂದು ಮಾತೂ ಬಯ್ಯಲಿಲ್ಲ. ಹಳೆಯ ಚೀಟಿಗಳ ಗಂಟು ಬಿಚ್ಚಿ ಕುಳಿತು, ಸಿಕ್ಕಷ್ಟನ್ನು ನೋಟುಬುಕ್ಕಿನಲ್ಲಿ ಬರೆಯತೊಡಗಿದಳು. ಅದನ್ನು ನೋಡಿದ ಮೇಲೆ ಎರಡು ಸಲ ಓದದೆ ನಾನು ಗುಂಡಿ ಒತ್ತಿಲ್ಲ. ತಾವೂ ಒತ್ತಕೂಡದು.

ಕೊಳ್ಳುವ ಮೊದಲು

1. ನಿಮ್ಮ ಲ್ಯಾಪ್‌ಟಾಪಿಗೆ ಯಾವ ಆಕಾರದ ಡಿಸ್ಕ್ ಹಿಡಿಸುತ್ತದೆಂದು ತಿಳಿಯಿರಿ. ಹಳೆಯ ಯಂತ್ರಗಳಲ್ಲಿ ಎರಡೂವರೆ ಅಂಗುಲದ ಸಾಟಾ ಡಿಸ್ಕ್ ಇರುತ್ತದೆ. ಹೊಸ ಯಂತ್ರಗಳಲ್ಲಿ ಬೆರಳಿನಷ್ಟು ಉದ್ದದ ಎಂ.2 ಪಟ್ಟಿ ಇರುತ್ತದೆ. ಎಂ.2 ಪಟ್ಟಿಯಲ್ಲಿಯೂ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿ. ಒಂದರ ಜಾಗಕ್ಕೆ ಇನ್ನೊಂದನ್ನು ತಂದರೆ ಕೆಲಸ ಮಾಡದೆ ಹೋಗಬಹುದು. ಯಂತ್ರದ ಮಾಡೆಲ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು.

2. ಹೊಸದು ಹಳೆಯದಕ್ಕಿಂತ ದೊಡ್ಡದಿರಲಿ. 500 ಜಿಬಿ ತುಂಬಿದ್ದರೆ 1 ಟಿಬಿ ಕೊಳ್ಳಿ.

3. ಹೊಸ ಡಿಸ್ಕನ್ನು ಹೊರಗಿನಿಂದ ಜೋಡಿಸಲು ಯುಎಸ್‌ಬಿ ಕೇಬಲ್ ಅಥವಾ ಪೆಟ್ಟಿಗೆ ಬೇಕು. ಅದೂ ಡಿಸ್ಕಿನ ಜಾತಿಗೆ ಸರಿಹೊಂದಬೇಕು.

ವಿಜಯನಗರ, ರಾಜಾಜಿನಗರದ ಕಂಪ್ಯೂಟರ್ ಅಂಗಡಿಗಳಲ್ಲಿ ಇವು ದೊರೆಯುತ್ತವೆ. ಹೆಚ್ಚು ಅಂಗಡಿ ನೋಡಬೇಕೆನ್ನುವವರು ಕೆಂಗೇರಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಮಾರುಕಟ್ಟೆಯಲ್ಲಿ ಇಳಿದು ಎಸ್.ಪಿ. ರಸ್ತೆಗೆ ಹೋಗಬಹುದು. ಬಿಲ್ಲನ್ನೂ ವಾರಂಟಿ ಚೀಟಿಯನ್ನೂ ಕೇಳಿ ಪಡೆಯಿರಿ.

ಕೆಲಸದ ಕ್ರಮ

ಒಂದು: ಬೇಕಾದ ಕಡತಗಳ ಪ್ರತಿಯನ್ನು ಮೊದಲು ಮೂರನೆಯ ಒಂದು ಕಡೆ, ಅಂದರೆ ಬೇರೆ ಹೊರಡಿಸ್ಕ್ ಅಥವಾ ಪೆನ್‌ಡ್ರೈವ್‌ನಲ್ಲಿ, ಇಡಿ. ಇದನ್ನು ಬಿಟ್ಟು ಮುಂದಕ್ಕೆ ಹೋಗಕೂಡದು. ಹಳೆಯ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಅದು ಸಾಯುವ ಸೂಚನೆ. ಅದನ್ನು ಮತ್ತೆ ಮತ್ತೆ ದಣಿಸದೆ, ಮುಖ್ಯವಾದ ಲೆಕ್ಕವನ್ನು ಮೊದಲು ಹೊರತೆಗೆಯಿರಿ.

ಎರಡು: ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಇರುತ್ತದೆ. ಅದಕ್ಕೆ 48 ಅಂಕಿಗಳ ಬೀಗದ ಕೈ ಉಂಟು. ಅದನ್ನು ಕಾಗದದಲ್ಲಿ ಬರೆದಿಟ್ಟು, ಆಮೇಲೆ ಬೀಗವನ್ನು ಪೂರ್ತಿ ತೆಗೆಸಿ. ಈ ಕೆಲಸಕ್ಕೆ ಕೆಲವು ಗಂಟೆ ಹಿಡಿಯಬಹುದು. ಹೊಸ ಡಿಸ್ಕಿನಲ್ಲಿ ಬೇಕಾದರೆ ಮತ್ತೆ ಹಾಕಬಹುದು.

ಮೂರು: ನಕಲು ಮಾಡುವ ತಂತ್ರಾಂಶ ಸಿದ್ಧಮಾಡಿ. ಕೆಲವು ಡಿಸ್ಕ್ ತಯಾರಕರು ತಾವೇ ಕೊಡುತ್ತಾರೆ. ತೈವಾನಿನಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ ಉಚಿತವಾಗಿ ದೊರೆಯುತ್ತದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ, ಅದರಿಂದಲೇ ಯಂತ್ರವನ್ನು ಎಬ್ಬಿಸಬೇಕು. ಅದರ ಪರದೆಯ ಮಾತು ಅಕ್ಷರ ತುಂಬಿ ತೊಡಕಾಗಿ ಕಾಣುತ್ತದೆ. ಓದುವ ಮಗ ಅಥವಾ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ನಾಲ್ಕು: ಮೂರನೆಯ ಕಡೆ ಇಟ್ಟ ಪ್ರತಿಯನ್ನು ಯಂತ್ರದಿಂದ ಕಳಚಿ ತೆಗೆದಿಡಿ. ಚಾರ್ಜರ್ ಜೋಡಿಸಿ, ಬ್ಯಾಟರಿ ತುಂಬಿರಲಿ. ನಡುವೆ ಕರೆಂಟು ಹೋದರೆ ಕೆಲಸ ಕೆಡಬಾರದು.

ಐದು: ಮೂಲ ಯಾವುದು, ಗುರಿ ಯಾವುದು ಎಂದು ಗುರುತಿಸಿ. ತಯಾರಕರ ಹೆಸರು, ಅಳತೆ ಎರಡನ್ನೂ ಕಾಗದದಲ್ಲಿ ಬರೆದು ಪರದೆಯೊಡನೆ ಹೋಲಿಸಿ. ಎಣಿಕೆಯ ಕ್ರಮ ಬೇರೆಯಾದ್ದರಿಂದ ವಿಂಡೋಸ್‌ನಲ್ಲಿ 500 ಜಿಬಿ ಡಿಸ್ಕ್ ಸುಮಾರು 465 ಎಂದೂ, 1 ಟಿಬಿ ಡಿಸ್ಕ್ ಸುಮಾರು 931 ಎಂದೂ ಕಾಣುತ್ತದೆ. ಅಂಗಡಿಯವನು ಮೋಸ ಮಾಡಿದನೆಂದು ತಿಳಿಯಬೇಡಿ. ಗುರಿಯಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಕ್ಲೋನ್‌ಜಿಲ್ಲಾ ಬರೆಯುವ ಮೊದಲು ಖಚಿತವೇ ಎಂದು ಕೇಳುತ್ತದೆ. ಆ ಪ್ರಶ್ನೆ ಬಂದಾಗ ಕೈ ಹಿಂದಕ್ಕೆ ತೆಗೆದು, ಗಟ್ಟಿಯಾಗಿ ಓದಿ, ಇನ್ನೊಬ್ಬರಿಗೂ ತೋರಿಸಿ ಉತ್ತರ ಕೊಡಿ.

ಆರು: ಕಾಯಿರಿ. ಸೆಕೆಂಡಿಗೆ 100 ಎಂಬಿಯಂತೆ ಸಾಗಿದರೆ 500 ಜಿಬಿಗೆ ಸುಮಾರು ಒಂದೂಕಾಲರಿಂದ ಒಂದೂವರೆ ಗಂಟೆ ಬೇಕು. ಹಳೆಯ ಯುಎಸ್‌ಬಿ 2 ಕಿಂಡಿಯಾದರೆ ನಾಲ್ಕು ಗಂಟೆಯೂ ಮೀರಬಹುದು. ಅವಸರಪಟ್ಟು ಕೇಬಲ್ ಕೀಳಬೇಡಿ.

ಏಳು: ಮುಗಿದ ಮೇಲೆ ಯಂತ್ರ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ. ಮೊದಲ ಸಲ ಎಬ್ಬಿಸುವಾಗ ಹೊಸದೊಂದೇ ಯಂತ್ರದಲ್ಲಿರಲಿ. ಎರಡೂ ಇದ್ದರೆ ಯಾವುದರಿಂದ ಎದ್ದಿತೆಂದು ತಿಳಿಯುವುದಿಲ್ಲ. ಏಳದಿದ್ದರೆ ಬಯೋಸ್‌ನಲ್ಲಿ ಆರಂಭದ ಕ್ರಮವನ್ನು ನೋಡಿ.

ಬಿಚ್ಚಿ ಕಟ್ಟುವ ಕೈಚಳಕ ಇಲ್ಲದವರು ಅಂಗಡಿಯಲ್ಲಿ ಮಾಡಿಸಲಿ, ಅದರಲ್ಲಿ ನಾಚಿಕೆಯಿಲ್ಲ. ಆದರೆ ಎದುರಿಗೆ ಕುಳಿತು ಮಾಡಿಸಿ, ಹಳೆಯ ಡಿಸ್ಕನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬನ್ನಿ. ಅದರಲ್ಲಿ ನಿಮ್ಮ ಆಧಾರ್ ಪ್ರತಿ, ಬ್ಯಾಂಕಿನ ಪತ್ರ ಎಲ್ಲವೂ ಇವೆ.

ಬೀಳು ಬಿದ್ದ ಜಾಗ

ದೊಡ್ಡ ಡಿಸ್ಕ್ ಹಾಕಿದರೂ ಜಾಗ ಹೆಚ್ಚಿಲ್ಲವಲ್ಲ ಎಂದು ಕೆಲವರು ಗಾಬರಿಯಾಗುತ್ತಾರೆ. ಒಂದು ಎಕರೆಯ ಬದುವನ್ನು ಇದ್ದ ಹಾಗೆ ಎರಡು ಎಕರೆಯ ಹೊಲದಲ್ಲಿ ಹಾಕಿದರೆ ಇನ್ನೊಂದು ಎಕರೆ ಬೀಳು ಉಳಿಯುತ್ತದೆ. ಇಲ್ಲಿಯೂ ಅಷ್ಟೇ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಆ ಬೀಳು ಕಾಣುತ್ತದೆ. ಅದು ಸಿ ಭಾಗಕ್ಕೆ ಒತ್ತಿಕೊಂಡಿದ್ದರೆ ಅಲ್ಲಿಯೇ ವಿಸ್ತರಿಸಬಹುದು. ನಡುವೆ ರಿಕವರಿ ಎಂಬ ಸಣ್ಣ ತುಂಡು ಅಡ್ಡ ಇದ್ದರೆ ವಿಂಡೋಸ್ ಬದು ಸರಿಸಲಾರದು. ಜಿಪಾರ್ಟೆಡ್‌ನಂಥ ಉಚಿತ ತಂತ್ರಾಂಶದಿಂದ ಆ ತುಂಡನ್ನು ಕೊನೆಗೆ ಸರಿಸಿ, ಆಮೇಲೆ ವಿಸ್ತರಿಸಬೇಕು.

ಹಳೆಯ ಡಿಸ್ಕನ್ನು ಏನು ಮಾಡಬೇಕು?

ಕೂಡಲೇ ಅಳಿಸಬೇಡಿ. ದಿನಾಂಕ ಬರೆದ ಚೀಟಿ ಅಂಟಿಸಿ, ಒಣಗಿದ ಜಾಗದಲ್ಲಿ ಒಂದು ತಿಂಗಳಾದರೂ ಇಡಿ. ಅಷ್ಟರಲ್ಲಿ ಹೊಸದರಲ್ಲಿ ಪ್ರತಿಯೊಂದು ಲೆಕ್ಕವನ್ನೂ ತೆರೆದು ನೋಡಿ. ಎಲ್ಲವೂ ಸರಿಯಿದ್ದರೆ, ಹಾಗೂ ಹಳೆಯದು ಇನ್ನೂ ಗಟ್ಟಿಯಾಗಿದ್ದರೆ, ಅದನ್ನೇ ಪ್ರತಿ ಇಡುವ ಕಣಜವಾಗಿ ಬಳಸಬಹುದು. ಬೇರೆಯವರಿಗೆ ಕೊಡುವುದಾದರೆ ಪೂರ್ತಿ ಅಳಿಸಿಯೇ ಕೊಡಬೇಕು.

ಕೊನೆಯದಾಗಿ ಒಂದು ಮಾತು. ಎಸ್‌ಎಸ್‌ಡಿ ವೇಗವಾದದ್ದು, ಆದರೆ ಕೆಟ್ಟರೆ ಸದ್ದಿಲ್ಲದೆ ಒಮ್ಮೆಗೇ ಕೆಡಬಹುದು. ಆದ್ದರಿಂದ ನಕಲು ಮಾಡಿಯಾಯಿತೆಂದು ಪ್ರತಿ ಇಡುವುದನ್ನು ನಿಲ್ಲಿಸಬಾರದು. ರಾಮೋಹಳ್ಳಿಯ ಬಳಿಯ ನಮ್ಮ ದೊಡ್ಡ ಆಲದ ಮರವನ್ನು ನೋಡಿ. ಅದರ ಮೂಲ ಕಾಂಡ ರೋಗದಿಂದ ಹೋಗಿದೆ. ಆದರೂ ಬಿಳಲುಗಳು ಮೊದಲೇ ನೆಲಕ್ಕಿಳಿದು ಬೇರು ಬಿಟ್ಟಿದ್ದರಿಂದ ಮರ ಉಳಿದಿದೆ. ನಿಮ್ಮ ಲೆಕ್ಕಕ್ಕೂ ಅಂಥ ಒಂದೆರಡು ಬಿಳಲು ಬೇಕು: ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಅಣ್ಣನ ಅಥವಾ ಅಕ್ಕನ ಮನೆಯಲ್ಲಿ. ಹೊಸ ಡಿಸ್ಕ್ ಕೊಳ್ಳುವುದು ಸುಗ್ಗಿಯ ನಂತರವಾದರೂ ಆಗಲಿ. ಪ್ರತಿ ಇಡುವ ಕೆಲಸವನ್ನು ಮಾತ್ರ ಇಂದು ಸಂಜೆಯೇ ಮುಗಿಸಿರಿ.