ಕಾರ್ಖಾನೆಯಲ್ಲಿ ತಯಾರಾದ ಮನೆಗೆ ಬ್ಯಾಂಕ್ ಸಾಲ: ಪಂಚಾಯತಿ ದಾಖಲೆಯ ಪಾತ್ರ

ಗೋಡೆ, ಚಾವಣಿ, ಬಾಗಿಲು, ಕಿಟಕಿಗಳು ಕಾರ್ಖಾನೆಯಲ್ಲಿಯೇ ಸಿದ್ಧವಾಗಿ, ಲಾರಿಯಲ್ಲಿ ಬಂದು, ಕೆಲವೇ ದಿನಗಳಲ್ಲಿ ನಿವೇಶನದ ಮೇಲೆ ಜೋಡಣೆಯಾಗುವ ಮನೆಗಳ ಬಗ್ಗೆ ಗ್ರಾಮಾಂತರ ಪ್ರದೇಶದಲ್ಲಿಯೂ ಈಗ ವಿಚಾರಣೆ ನಡೆಯುತ್ತಿದೆ. ಮರಳಿನ ಬೆಲೆ, ಗಾರೆ ಕೆಲಸದವರ ಅಭಾವ, ಮಳೆಗಾಲಕ್ಕೆ ಮುಂಚೆ ತಲೆಯ ಮೇಲೊಂದು ಸೂರು ಆಗಬೇಕೆಂಬ ಆತುರ ಇದಕ್ಕೆ ಕಾರಣಗಳು. ಜನರು ಇದನ್ನು ಪ್ರೀಫ್ಯಾಬ್ ಮನೆ ಎಂದೋ ಸಿದ್ಧ ಮನೆ ಎಂದೋ ಕರೆಯುತ್ತಾರೆ. ಕಂಪನಿಯ ದರಪಟ್ಟಿ ಕೈಗೆ ಬಂದ ಮೇಲೆ ಕುಟುಂಬವು ಬ್ಯಾಂಕಿನ ಮೆಟ್ಟಿಲು ಹತ್ತುತ್ತದೆ. ಅಲ್ಲಿ ಮನೆಯ ಚಿತ್ರಕ್ಕಿಂತ ಮೊದಲು ಕೇಳುವುದು ನಿವೇಶನದ ಕಾಗದಪತ್ರ. ಆ ಕಾಗದಗಳಲ್ಲಿ ಮುಖ್ಯವಾದ ಕೆಲವು ಗ್ರಾಮ ಪಂಚಾಯತಿಯ ಕಚೇರಿಯಿಂದಲೇ ಹೊರಡಬೇಕಾದವು. ಆದುದರಿಂದ ಸಾಲದ ವಿಷಯವು ಬ್ಯಾಂಕಿಗೆ ಮಾತ್ರ ಸಂಬಂಧಿಸಿದ್ದೆಂದು ಸದಸ್ಯರು ಭಾವಿಸತಕ್ಕದ್ದಲ್ಲ.

ಚರವೋ, ಸ್ಥಿರವೋ

ಗೃಹಸಾಲವು ಅಡಮಾನದ ಸಾಲ. ಅಡಮಾನವೆಂದರೆ ಸ್ಥಿರಾಸ್ತಿಯ ಮೇಲಿನ ಹಿತಾಸಕ್ತಿಯನ್ನು ಸಾಲದ ಭದ್ರತೆಗಾಗಿ ವರ್ಗಾಯಿಸುವುದು ಎಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಪ್ರಕರಣ 58 ಹೇಳುತ್ತದೆ. ಸ್ಥಿರಾಸ್ತಿ ಯಾವುದು? ಭೂಮಿ ಮತ್ತು ಭೂಮಿಗೆ ಅಂಟಿಕೊಂಡಿರುವ ವಸ್ತು. ಬೇರುಬಿಟ್ಟ ಮರ, ನೆಲದಲ್ಲಿ ಹುದುಗಿದ ಗೋಡೆ ಅಥವಾ ಕಟ್ಟಡ, ಅಂತಹ ಕಟ್ಟಡದ ಕಾಯಂ ಉಪಯೋಗಕ್ಕಾಗಿ ಅದಕ್ಕೆ ಜೋಡಿಸಿದ ವಸ್ತು ಇವು ಭೂಮಿಗೆ ಅಂಟಿಕೊಂಡವು ಎಂದು ಅದೇ ಅಧಿನಿಯಮದ ಪ್ರಕರಣ 3ರಲ್ಲಿದೆ.

ಸಿದ್ಧ ಮನೆಯ ಸಾಲದ ತೊಡಕು ಹುಟ್ಟುವುದು ಇಲ್ಲಿಯೇ. ಕಾಂಕ್ರೀಟ್ ತಳಪಾಯ ಹಾಕಿ, ಉಕ್ಕಿನ ಕಂಬಗಳನ್ನು ಅದರೊಳಗೆ ಬೋಲ್ಟ್ ಮಾಡಿ, ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಕೊಟ್ಟ ಮನೆಯನ್ನು ಬ್ಯಾಂಕು ಸ್ಥಿರಾಸ್ತಿಯೆಂದು ಪರಿಗಣಿಸಲು ಆಧಾರವಿದೆ. ನಾಲ್ಕು ಕಲ್ಲಿನ ಮೇಲೆ ಇರಿಸಿದ ಕಂಟೇನರನ್ನು ಮಾತ್ರ ಯಾವ ಕ್ಷಣದಲ್ಲಿಯೂ ಕ್ರೇನಿನಿಂದ ಎತ್ತಿ ಒಯ್ಯಬಹುದು, ಅದು ಚರಾಸ್ತಿ. ಅದಕ್ಕೆ ಗೃಹಸಾಲ ದೊರೆಯುವುದು ಕಷ್ಟ. ದೊರೆತರೂ ವೈಯಕ್ತಿಕ ಸಾಲದ ರೂಪದಲ್ಲಿ, ಹೆಚ್ಚಿನ ಬಡ್ಡಿಗೆ, ಕಡಿಮೆ ಅವಧಿಗೆ.

ಇದು ನಮ್ಮಲ್ಲಿ ಮಾತ್ರ ಇರುವ ತೊಡಕಲ್ಲ. 1976ರಿಂದ ಇಂತಹ ಮನೆಗಳಿಗೆ ಪ್ರತ್ಯೇಕ ರಾಷ್ಟ್ರೀಯ ನಿರ್ಮಾಣ ಸಂಹಿತೆಯೇ ಇರುವ ಅಮೆರಿಕದಲ್ಲಿಯೂ, ನೆಲದೊಂದಿಗೆ ಒಂದಾಗಿ ದಾಖಲಾಗದ ಮನೆಗೆ ಚರಾಸ್ತಿ ಸಾಲವೇ ಗತಿ, ಮತ್ತು ಅದರ ಬಡ್ಡಿ ಅಡಮಾನ ಸಾಲದ ಬಡ್ಡಿಗಿಂತ ಹೆಚ್ಚು. ಮನೆ ಎಷ್ಟೇ ಗಟ್ಟಿಯಾಗಿರಲಿ, ಬ್ಯಾಂಕು ನಂಬುವುದು ನೆಲವನ್ನು ಮತ್ತು ನೆಲದ ದಾಖಲೆಯನ್ನು.

ದಾಖಲೆ ಇಲ್ಲದಿದ್ದರೆ ಆಗುವ ನಷ್ಟ

ಒಂದು ಕುಟುಂಬವು 6 ಲಕ್ಷ ರೂಪಾಯಿಯ ಮನೆಗೆ 1 ಲಕ್ಷ ಸ್ವಂತ ಹಣ ಹಾಕಿ 5 ಲಕ್ಷ ಸಾಲ ಮಾಡುತ್ತದೆಂದು ಇಟ್ಟುಕೊಳ್ಳೋಣ. ಬ್ಯಾಂಕಿನ ಗೃಹಸಾಲ ಶೇ. 9ರ ಬಡ್ಡಿಗೆ, 15 ವರ್ಷದ ಅವಧಿಗೆ ದೊರೆತರೆ ತಿಂಗಳ ಕಂತು ಸುಮಾರು 5,071 ರೂಪಾಯಿ. ಹದಿನೈದು ವರ್ಷಗಳಲ್ಲಿ ಕಟ್ಟುವ ಒಟ್ಟು ಮೊತ್ತ ಸುಮಾರು 9.13 ಲಕ್ಷ, ಅಲ್ಲಿಗೆ ಅಸಲೂ ತೀರಿತು, ಬಡ್ಡಿಯೂ ತೀರಿತು.

ದಾಖಲೆ ಸರಿಯಿಲ್ಲವೆಂದು ಬ್ಯಾಂಕು ಹಿಂದಕ್ಕೆ ಕಳುಹಿಸಿದಾಗ ಅದೇ ಕುಟುಂಬ ಊರಿನ ಕೈಸಾಲಕ್ಕೆ ಹೋಗುತ್ತದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಬಡ್ಡಿ ಎಂದರೆ ಕೇಳಲು ಸಣ್ಣದು. ವರ್ಷಕ್ಕೆ ಅದು ಶೇ. 36. ಐದು ಲಕ್ಷಕ್ಕೆ ತಿಂಗಳಿಗೆ 15,000 ರೂಪಾಯಿ ಬಡ್ಡಿಯೊಂದೇ ಆಗುತ್ತದೆ. ಐದು ವರ್ಷದಲ್ಲಿ 9 ಲಕ್ಷ ಕಟ್ಟಿದ ಮೇಲೂ 5 ಲಕ್ಷದ ಅಸಲು ಇದ್ದಲ್ಲಿಯೇ ಇರುತ್ತದೆ.

ಇವೆರಡರ ನಡುವೆ ಇನ್ನೊಂದು ದಾರಿ ಕಾಣಿಸುತ್ತದೆ: ಮಾರಾಟಗಾರರೇ ತೋರಿಸುವ ಕಂತಿನ ಸಾಲ. ‘ಶೇ. 12 ಫ್ಲಾಟ್’ ಎಂದು ಹೇಳಿದರೆ ಐದು ವರ್ಷವೂ ಪೂರ್ತಿ 5 ಲಕ್ಷದ ಮೇಲೆಯೇ ಬಡ್ಡಿ ಲೆಕ್ಕವಾಗುತ್ತದೆ, ತೀರಿಸಿದ ಅಸಲನ್ನು ಕಳೆಯುವುದಿಲ್ಲ. ಕಂತು 13,333 ರೂಪಾಯಿ. ಇಳಿಕೆ ಬಾಕಿಯ ಲೆಕ್ಕದಲ್ಲಿ ನಿಜವಾದ ದರ ಶೇ. 20ಕ್ಕಿಂತ ಮೇಲು. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆಗಳು ವ್ಯಕ್ತಿಗತ ಸಾಲಗಾರರಿಗೆ, ಎಲ್ಲ ಶುಲ್ಕಗಳೂ ಸೇರಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸಹಿ ಹಾಕುವ ಮುನ್ನ ಆ ಪತ್ರವನ್ನು ಕೇಳಿ ಪಡೆಯುವಂತೆ ಗ್ರಾಮಸ್ಥರಿಗೆ ತಿಳಿಸಿದರೆ ಅರ್ಧ ತೊಂದರೆ ಅಲ್ಲಿಯೇ ನಿವಾರಣೆಯಾಗುತ್ತದೆ.

ಪಂಚಾಯತಿಯಿಂದ ಆಗಬೇಕಾದ ಕೆಲಸ

ಗ್ರಾಮಠಾಣಾ ವ್ಯಾಪ್ತಿಯ ನಿವೇಶನಗಳಿಗೆ, ಹಾಗೂ ಭೂಪರಿವರ್ತನೆಯಾಗಿ ವಿನ್ಯಾಸ ಅನುಮೋದನೆ ಪಡೆದ ನಿವೇಶನಗಳಿಗೆ, ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು ನಮೂನೆ 11-ಎ ದೊರೆಯುತ್ತವೆ. ಈ ವರ್ಗಕ್ಕೆ ಸೇರದ ಸ್ವತ್ತುಗಳಿಗೆ ನಮೂನೆ 11-ಬಿ. ಗ್ರಾಮಸ್ಥರ ದೃಷ್ಟಿಯಲ್ಲಿ ಎಲ್ಲವೂ ‘ಇ-ಖಾತೆ’ಯೇ. ಬ್ಯಾಂಕಿನ ಕಾನೂನು ಸಲಹೆಗಾರರು ಮಾತ್ರ ಇವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 11-ಬಿ ಇರುವ ಸ್ವತ್ತಿನ ಮೇಲೆ ಸಾಲ ಕೊಡಲು ಬಹುತೇಕ ಶಾಖೆಗಳು ಹಿಂಜರಿಯುತ್ತವೆ. ಮುಂಗಡ ಕೊಟ್ಟ ಮೇಲೆ ಈ ವಿಷಯ ತಿಳಿದರೆ ಪ್ರಯೋಜನವಿಲ್ಲ. ದರಪಟ್ಟಿ ತರುವ ಮೊದಲೇ ತನ್ನ ನಿವೇಶನ ಯಾವ ನಮೂನೆಗೆ ಸೇರುತ್ತದೆಂಬುದು ಕುಟುಂಬಕ್ಕೆ ಗೊತ್ತಿರಬೇಕು.

ಹೊಲದಲ್ಲಿ ಮನೆ ಜೋಡಿಸಿಕೊಳ್ಳುವವರ ಸ್ಥಿತಿ ಇನ್ನೂ ಬೇರೆ. ಲಾರಿ ಹೋಗುವ ದಾರಿಯಿದ್ದರೆ ತೋಟದಲ್ಲಿಯೇ ಮನೆ ನಿಲ್ಲಿಸಬಹುದೆಂಬುದು ಈ ಮನೆಗಳ ಆಕರ್ಷಣೆಯೂ ಹೌದು. ಆದರೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಪ್ರಕರಣ 95ರಡಿ ಪರಿವರ್ತನೆಯಾಗದ ಕೃಷಿ ಜಮೀನಿನ ಮೇಲೆ ಗೃಹಸಾಲ ಕೊಡಲು ಬ್ಯಾಂಕುಗಳು ಒಪ್ಪುವುದು ವಿರಳ. ಕಾರಣವೂ ಸರಳ: ಸಾಲ ವಸೂಲಿಗಾಗಿ ನ್ಯಾಯಾಲಯಕ್ಕೆ ಹೋಗದೆ ಆಸ್ತಿಯನ್ನು ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಅಧಿನಿಯಮವು ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ರೈತನಿಗೆ ಅದು ರಕ್ಷಣೆ, ಗೃಹಸಾಲಕ್ಕೆ ಅಡ್ಡಿ.

ಹೆಚ್ಚಿನ ಅರ್ಜಿಗಳು ನಿಲ್ಲುವುದು ಇದಕ್ಕಿಂತಲೂ ಸಾಮಾನ್ಯವಾದ ಕಾರಣಕ್ಕೆ. ಖಾತೆ ಇನ್ನೂ ತೀರಿಹೋದ ತಂದೆಯ ಅಥವಾ ತಾತನ ಹೆಸರಿನಲ್ಲಿಯೇ ಇರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಗೋಡೆ ಎಬ್ಬಿಸಿ, ಇಪ್ಪತ್ತು ವರ್ಷ ಬಾಳಿರುತ್ತಾರೆ. ಕಾಗದದಲ್ಲಿ ಅದು ಒಂದೇ ಸ್ವತ್ತು. ಬ್ಯಾಂಕಿನವರು ವಂಶವೃಕ್ಷ, ಮರಣ ಪ್ರಮಾಣಪತ್ರ, ನೋಂದಾಯಿತ ವಿಭಾಗಪತ್ರ ಕೇಳುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿಯನ್ನೂ ಕೇಳುತ್ತಾರೆ, ಏಕೆಂದರೆ 2005ರ ತಿದ್ದುಪಡಿಯ ತರುವಾಯ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆಗ ಶುರುವಾಗುವ ಓಡಾಟ ತಿಂಗಳುಗಟ್ಟಲೆ ನಡೆಯುತ್ತದೆ, ಕೆಲವೊಮ್ಮೆ ಮನಸ್ತಾಪದಲ್ಲಿ ಮುಗಿಯುತ್ತದೆ. ವಾರ್ಡ್ ಸಭೆಯಲ್ಲಿ ಸದಸ್ಯರು ಆಡಬಹುದಾದ ಅತ್ಯಂತ ಉಪಯುಕ್ತ ಮಾತು ಪ್ರಾಯಶಃ ಇದೇ: ಮನೆ ಕಟ್ಟುವ ಯೋಚನೆ ಇರಲಿ, ಇಲ್ಲದಿರಲಿ, ಸತ್ತವರ ಹೆಸರಿನ ಖಾತೆಯನ್ನು ಬದುಕಿರುವವರ ಹೆಸರಿಗೆ ಮಾಡಿಸಿಕೊಳ್ಳಿ. ನಮೂನೆಗಳಿಗೆ ಸಹಿ ಮಾಡುವ ಅಧಿಕಾರ ಪಂಚಾಯತಿ ಅಭಿವೃದ್ಧಿ ಅಧಿಕಾರಿಯದು. ಅರ್ಜಿ ಯಾವ ಹಂತದಲ್ಲಿದೆ, ಏಕೆ ನಿಂತಿದೆ ಎಂದು ಕೇಳುವ ಅಧಿಕಾರ ಸದಸ್ಯರದು, ಮತ್ತು ಅದು ಸಣ್ಣದೇನಲ್ಲ.

2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮದ ಜನವಸತಿ ಪ್ರದೇಶವನ್ನು ಡ್ರೋನ್ ಮೂಲಕ ಅಳತೆ ಮಾಡಿ ಆಸ್ತಿ ಕಾರ್ಡ್ ನೀಡಲಾಗುತ್ತದೆ. ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಆಸ್ತಿಯ ಆಧಾರದ ಮೇಲೆ ಸಾಲ ಪಡೆಯಲು ಅನುಕೂಲ ಮಾಡುವುದು ಈ ಯೋಜನೆಯ ಉದ್ದೇಶಗಳಲ್ಲೊಂದು. ಅಳತೆಯ ಸಮಯದಲ್ಲಿ ಗಡಿ ಗುರುತಿಸಲು ಮಾಲೀಕರು ಸ್ಥಳದಲ್ಲಿರುವಂತೆ ನೋಡಿಕೊಂಡರೆ ಮುಂದಿನ ತಕರಾರುಗಳು ತಪ್ಪುತ್ತವೆ. ಹಕ್ಕುಪತ್ರದ ಮೂಲಕ ನಿವೇಶನ ಪಡೆದವರು ಅದರಲ್ಲಿನ ಷರತ್ತುಗಳನ್ನು, ವಿಶೇಷವಾಗಿ ಪರಭಾರೆ ಮತ್ತು ಅಡಮಾನಕ್ಕೆ ನಿರ್ಬಂಧವಿದೆಯೇ ಎಂಬುದನ್ನು, ಓದಿಸಿಕೊಳ್ಳಬೇಕು.

ಇನ್ನು ಪರವಾನಗಿ. ಗೋಡೆ ಇಟ್ಟಿಗೆಯದಲ್ಲವೆಂಬ ಕಾರಣಕ್ಕೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 64ರ ಅನುಮತಿಯಿಂದ ವಿನಾಯಿತಿ ಸಿಗುತ್ತದೆಂದು ಮಾರಾಟಗಾರರು ಹೇಳಿದರೆ ನಂಬಬಾರದು. ಅನುಮತಿಯಿಲ್ಲದ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಮನೆ ಪೂರ್ಣಗೊಂಡ ಮೇಲೆ ತೆರಿಗೆ ನಿರ್ಧರಣೆಯಲ್ಲಿ ಅದು ‘ಶೆಡ್’ ಎಂದು ಸೇರಿಕೊಳ್ಳದೆ, ಇರುವಂತೆಯೇ, ವಾಸದ ಮನೆಯೆಂದು ಅಳತೆಸಹಿತ ದಾಖಲಾಗಬೇಕು. ತೆರಿಗೆ ಕೊಂಚ ಹೆಚ್ಚಾಗಬಹುದು. ಆಸ್ತಿಗೆ ಬೆಲೆ ಬರುವುದೂ ಆ ನಮೂದಿನಿಂದಲೇ.

ಹಣ ಬಿಡುಗಡೆಯ ಬಿಕ್ಕಟ್ಟು

ದಾಖಲೆಗಳೆಲ್ಲ ಸರಿಯಿದ್ದರೂ ಸಿದ್ಧ ಮನೆಯ ಸಾಲ ಎಡವುವ ಜಾಗ ಇನ್ನೊಂದಿದೆ. ನಿರ್ಮಾಣ ಸಾಲವನ್ನು ಬ್ಯಾಂಕು ಹಂತಹಂತವಾಗಿ ಬಿಡುಗಡೆ ಮಾಡುತ್ತದೆ: ತಳಪಾಯ, ಲಿಂಟೆಲ್, ಚಾವಣಿ, ಮುಕ್ತಾಯ. ಪ್ರತಿ ಹಂತದಲ್ಲಿಯೂ ಎಂಜಿನಿಯರ್ ಸ್ಥಳಕ್ಕೆ ಬಂದು ನೋಡಬೇಕು. ಸಿದ್ಧ ಮನೆಯ ಕೆಲಸ ನಡೆಯುವುದು ದೂರದ ಕಾರ್ಖಾನೆಯಲ್ಲಿ. ಕಂಪನಿಯು ಲಾರಿ ಹೊರಡುವ ಮೊದಲೇ ಬೆಲೆಯ ಬಹುಪಾಲನ್ನು ಕೇಳುತ್ತದೆ, ಬ್ಯಾಂಕು ನಿವೇಶನದ ಮೇಲೆ ಕೆಲಸ ಕಾಣದೆ ಹಣ ಕೊಡುವುದಿಲ್ಲ. ಈ ಅಂತರವನ್ನು ತುಂಬಲು ಕುಟುಂಬವು ಬಡ್ಡಿ ಸಾಲ ಮಾಡಿದರೆ ಮೇಲೆ ಹೇಳಿದ ಲೆಕ್ಕವೇ ಮರುಕಳಿಸುತ್ತದೆ.

ಇದನ್ನು ತಪ್ಪಿಸಲು ಮೂರೂ ಕಡೆಯವರು ಮೊದಲೇ ಮಾತನಾಡಿಕೊಳ್ಳಬೇಕು. ಸ್ವಂತ ಹಣದಿಂದ ತಳಪಾಯ ಮುಗಿಸುವುದು. ಒಪ್ಪಂದದಲ್ಲಿ ಸಾಗಣೆ, ಜೋಡಣೆ, ಮುಕ್ತಾಯಕ್ಕೆ ಬೇರೆ ಬೇರೆ ಕಂತು ಬರೆಸುವುದು. ಬ್ಯಾಂಕು ಹಣವನ್ನು ನೇರವಾಗಿ ಕಂಪನಿಯ ಖಾತೆಗೆ ಹಾಕುವುದು. ಕೊನೆಯ ಕಂತನ್ನು ಜೋಡಣೆ ಮುಗಿದು ಒಂದು ಮಳೆ ನೋಡುವವರೆಗೆ ಹಿಡಿದಿಡುವುದು. ಕೊನೆಯದಕ್ಕೆ ಕಂಪನಿ ಸುಲಭವಾಗಿ ಒಪ್ಪುವುದಿಲ್ಲ, ಆದರೂ ಕೇಳಬೇಕು. ಮನೆ ಎಷ್ಟು ವರ್ಷ ಬಾಳುತ್ತದೆಂದು ಬ್ಯಾಂಕು ಕೇಳಿದಾಗ ಕಂಪನಿಯ ಮಾತು ಸಾಲದು. ಹೊಸ ನಿರ್ಮಾಣ ತಂತ್ರಗಳನ್ನು ಪರೀಕ್ಷಿಸಿ ಕಾರ್ಯಕ್ಷಮತೆಯ ಪ್ರಮಾಣಪತ್ರ ನೀಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿ.ಎಂ.ಟಿ.ಪಿ.ಸಿ. ಇದೆ, ಆ ಪ್ರಮಾಣಪತ್ರದ ಪ್ರತಿಯನ್ನು ಕೇಳಬಹುದು. 2021ರ ಜನವರಿ 1ರಂದು ಶಂಕುಸ್ಥಾಪನೆಯಾದ ಆರು ಲೈಟ್ ಹೌಸ್ ಯೋಜನೆಗಳಲ್ಲಿ ಇಂತಹ ತಂತ್ರಗಳನ್ನು ಸರ್ಕಾರವೇ ಬಳಸಿದೆ: ಇಂದೋರಿನಲ್ಲಿ ಸ್ಯಾಂಡ್‌ವಿಚ್ ಫಲಕಗಳು, ಅಗರ್ತಲಾದಲ್ಲಿ ಹಗುರ ಉಕ್ಕಿನ ಚೌಕಟ್ಟು, ಚೆನ್ನೈಯಲ್ಲಿ ಪೂರ್ವನಿರ್ಮಿತ ಕಾಂಕ್ರೀಟ್ ಭಾಗಗಳು. ತಂತ್ರಜ್ಞಾನ ಹೊಸದೆಂದು ಶಾಖೆಯವರು ಅನುಮಾನಿಸಿದರೆ ಇವುಗಳನ್ನು ಉದಾಹರಿಸಲು ಅಡ್ಡಿಯಿಲ್ಲ.

ಸಾಲದ ಮೊತ್ತ 30 ಲಕ್ಷದವರೆಗೆ ಇದ್ದಲ್ಲಿ ಆಸ್ತಿಯ ಮೌಲ್ಯದ ಶೇ. 90ರವರೆಗೆ ಸಾಲ ನೀಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಅದು ಗರಿಷ್ಠ ಮಿತಿ, ಹಕ್ಕಲ್ಲ. ಆದಾಯದ ಪುರಾವೆ ಇಲ್ಲದ ಕೂಲಿಕಾರ ಕುಟುಂಬಕ್ಕೆ ಅಷ್ಟು ಸಿಗುವುದಿಲ್ಲ.

ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಫಲಾನುಭವಿಗಳ ಬಗ್ಗೆ ಒಂದು ಎಚ್ಚರಿಕೆ. ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿ ಸಹಾಯಧನ, ಕನಿಷ್ಠ 25 ಚದರ ಮೀಟರ್ ವಿಸ್ತೀರ್ಣ, ಇಚ್ಛೆಯಿದ್ದವರಿಗೆ 70,000 ರೂಪಾಯಿವರೆಗೆ ಬ್ಯಾಂಕ್ ಸಾಲಕ್ಕೆ ನೆರವು ಇದರ ಚೌಕಟ್ಟಿನಲ್ಲಿವೆ. ಆದರೆ ಮನೆಯನ್ನು ಫಲಾನುಭವಿಯೇ ಕಟ್ಟಿಸಿಕೊಳ್ಳಬೇಕು, ಗುತ್ತಿಗೆದಾರರಿಗೆ ವಹಿಸಬಾರದು ಎಂಬ ನಿಯಮವೂ ಇದೆ. ಕಂಪನಿಗೆ ಮುಂಗಡ ಕೊಡುವ ಮುನ್ನ ತಾಲ್ಲೂಕು ಪಂಚಾಯತಿಯಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳತಕ್ಕದ್ದು.

ಸಾಲ ತೀರಿದ ಮೇಲೆ

ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಯೊಬ್ಬರು ಅವಧಿಗೆ ಮುನ್ನ ತೀರಿಸಿದರೆ ದಂಡ ವಿಧಿಸುವಂತಿಲ್ಲ. ಫಸಲು ಚೆನ್ನಾಗಿ ಬಂದ ವರ್ಷ ಅಸಲಿಗೆ ಒಂದಿಷ್ಟು ಹೆಚ್ಚು ಕಟ್ಟುವುದು ರೈತ ಕುಟುಂಬಕ್ಕೆ ಲಾಭಕರ. ಪೂರ್ತಿ ತೀರಿದ ದಿನದಿಂದ 30 ದಿನಗಳೊಳಗೆ ಬ್ಯಾಂಕು ಮೂಲಪತ್ರಗಳನ್ನು ಹಿಂದಿರುಗಿಸಿ, ನೋಂದಣಿಯಾದ ಋಣಭಾರವನ್ನು ತೆಗೆಸಬೇಕು. ತನ್ನ ಕಡೆಯಿಂದ ವಿಳಂಬವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಜಾರಿಯಲ್ಲಿದೆ. ಅನೇಕರು ಬ್ಯಾಂಕಿನ ತೀರುವಳಿ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗುತ್ತಾರೆ. ಅದರ ಪ್ರತಿಯನ್ನು ಉಪನೋಂದಣಿ ಕಚೇರಿಗೂ ಪಂಚಾಯತಿಗೂ ಕೊಟ್ಟು, ಋಣಭಾರ ಪತ್ರದಲ್ಲಿಯೂ ಇ-ಸ್ವತ್ತು ದಾಖಲೆಯಲ್ಲಿಯೂ ಬ್ಯಾಂಕಿನ ಹೆಸರು ಉಳಿದಿಲ್ಲವೆಂಬುದನ್ನು ಖಚಿತಪಡಿಸಿಕೊಂಡು ಹೊಸ ಪ್ರತಿ ಪಡೆಯುವಂತೆ ಸದಸ್ಯರು ಸೂಚಿಸತಕ್ಕದ್ದು.