ಎರೆ ಹೊಲದ ಶೇಂಗಾ ಹಳದಿ ಆಗೋದು ಯಾಕೆ?

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಎರೆ ಹೊಲದಲ್ಲಿ ಮಳೆ ಹಿಡಿದು ನೀರು ನಿಂತಾಗ ಶೇಂಗಾದ ಎಳೆ ಎಲೆ ಹಳದಿ ಆಗುವುದನ್ನು ನೋಡಿರಬಹುದು. ಎಲೆಯ ನರ ಮಾತ್ರ ಹಸಿರು ಉಳಿಯುತ್ತವೆ. ಇದು ಕಬ್ಬಿಣದ ಕೊರತೆ. ಕಬ್ಬಿಣ ಇಲ್ಲದೆ ಪತ್ರಹರಿತ್ತು ತಯಾರಾಗದು.

ಹಾಗಾದ್ರೆ ಮಣ್ಣಿನಾಗ ಕಬ್ಬಿಣ ಇಲ್ಲೇನು? ಬೇಕಾದಷ್ಟು ಐತಿ. ಆದರೆ ಸುಣ್ಣದ ಹರಳಿರುವ ಎರೆ ಮಣ್ಣು ಕ್ಷಾರದ್ದು, ಅದರ ಪಿ.ಎಚ್. 7ಕ್ಕಿಂತ ಮೇಲೆ. ಪಿ.ಎಚ್. ಒಂದು ಅಂಕಿ ಏರಿದರೆ ಕರಗುವ ಕಬ್ಬಿಣ ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕರಗದ್ದನ್ನು ಬೇರು ಕುಡಿಯಲಾರದು.

ಗಿಡ ಸುಮ್ಮನೆ ಕೂಡೋದಿಲ್ಲ. ಶಾಲೆಯ ಕಪಾಟಿನಲ್ಲಿ ಎಲ್ಲಾ ಪುಸ್ತಕ ಇದ್ದರೂ ಅಂದಿನ ಪಾಠದ್ದನ್ನೇ ತೆಗೆಯುತ್ತೇವಲ್ಲ, ಹಾಗೆ ಪ್ರತಿ ಜೀವಕೋಶದಲ್ಲಿ ಎಲ್ಲಾ ವಂಶವಾಹಿಗಳಿದ್ದರೂ ಬೇಕಾದವು ಮಾತ್ರ ತೆರೆದುಕೊಳ್ಳುತ್ತವೆ. ಕಬ್ಬಿಣ ಸಾಲದಾದಾಗ ಬೇರಿನಲ್ಲಿ ಮೂರು ಕೆಲಸದ ವಂಶವಾಹಿಗಳು ಚುರುಕಾಗುತ್ತವೆ: ಆಮ್ಲವನ್ನು ಹೊರಗೆ ತಳ್ಳುವುದು, ಕಬ್ಬಿಣವನ್ನು ಹೀರಲು ಬರುವ ರೂಪಕ್ಕೆ ತರುವುದು, ಒಳಗೆ ಎಳೆದುಕೊಳ್ಳುವುದು. ಕೊನೆಯ ಕೆಲಸದ ವಂಶವಾಹಿಯನ್ನು 1996ರಲ್ಲಿ ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಗುರುತಿಸಿದರು. ಗೋವಿನಜೋಳದ ದಾರಿಯೇ ಬೇರೆ. ಅದು ಹುಲ್ಲಿನ ಜಾತಿ, ಕಬ್ಬಿಣವನ್ನು ಹಿಡಿದು ತರುವ ಪದಾರ್ಥವನ್ನು ಬೇರಿನಿಂದ ಹೊರಬಿಡುತ್ತದೆ.

ಆಮ್ಲ ತಳ್ಳಲು ಶಕ್ತಿ ಬೇಕು. ಅದು ಬರುವುದು ಎಲೆ ಇಂಗಾಲದಿಂದ ಮಾಡಿ ಕಳಿಸುವ ಸಕ್ಕರೆಯಿಂದ. ಸಕ್ಕರೆ ಬರೀ ಉರುವಲಲ್ಲ, ಸುದ್ದಿಯೂ ಹೌದು. ಸಕ್ಕರೆ ಸಿಕ್ಕಾಗ ಅರಾಬಿಡಾಪ್ಸಿಸ್ ಬೇರಿನ ಈ ವಂಶವಾಹಿಗಳು ಇನ್ನಷ್ಟು ಚುರುಕಾಗುತ್ತವೆ. ಎಲೆಯಲ್ಲಿ ಇದರ ಉಲ್ಟಾ! ಸಕ್ಕರೆ ಹೆಚ್ಚಾದರೆ ಆಹಾರ ತಯಾರಿಸುವ ವಂಶವಾಹಿಗಳು ತಣ್ಣಗಾಗುತ್ತವೆ ಎಂದು 1990ರಲ್ಲಿ ಜೆನ್ ಶೀನ್ ಎಂಬ ವಿಜ್ಞಾನಿ ತೋರಿಸಿದರು, ಅದೂ ನಮ್ಮ ಗೋವಿನಜೋಳದ ಎಲೆಯ ಜೀವಕೋಶಗಳಲ್ಲೇ.

ಇಷ್ಟೆಲ್ಲಾ ಮಾಡಿದರೂ ಶೇಂಗಾ ಸೋಲುವುದ್ಯಾಕೆ? ನೀರು ನಿಂತ ಸುಣ್ಣದ ಮಣ್ಣಿನಲ್ಲಿ ಬೈಕಾರ್ಬೊನೇಟ್ ಹೆಚ್ಚುತ್ತದೆ. ಬೇರು ಬಿಟ್ಟ ಆಮ್ಲವನ್ನು ಅದು ಅಲ್ಲೇ ತಟಸ್ಥ ಮಾಡಿಬಿಡುತ್ತದೆ. ಹಳದಿ ಕಂಡ ಕೂಡಲೇ ಯೂರಿಯಾ ಚೆಲ್ಲುವವರು ಬಹಳ. ಆ ರೊಕ್ಕ ದಂಡ. ಸಾರಜನಕದ ಕೊರತೆಯಾದರೆ ಕೆಳಗಿನ ಹಳೆ ಎಲೆ ಮೊದಲು ಹಳದಿ ಆಗುತ್ತವೆ, ಕಬ್ಬಿಣದ್ದಾದರೆ ತುದಿಯ ಎಳೆ ಎಲೆ. ಕಬ್ಬಿಣದ್ದೇ ಅಂತ ಖಾತ್ರಿಯಾದರೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ ಎಲೆಗೇ ಸಿಂಪಡಿಸುತ್ತಾರೆ. ಖಾತ್ರಿ ಇಲ್ಲದಿದ್ದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬಹುದು. ಹೋಗುವಾಗ ಎಳೆ ಎಲೆ, ಹಳೆ ಎಲೆ ಎರಡನ್ನೂ ಕಿತ್ತು ಒಯ್ಯಿರಿ.